ದೇವರು ಮರೆತವರು

ನಮ್ಮ ಆಯಿ ತನ್ನ ಕೊನೆಯ ಎರಡು ವರ್ಷ ದಿನಾ ಬೆಳಗ್ಗೆ ಕಣ್ಣು ಬಿಟ್ಟೊಡನೆ ಒಂದೇ ಮಾತು ಹೇಳುತ್ತಿದ್ದಳು. “ಇವತ್ತೂ ಎದ್ದೆ ನೋಡು. ದೇವರು ನನ್ನ ಮರ್ತಾನ.” ದೂರಿನ ದನಿಯಲ್ಲ ಅದು. ಬಸ್ಸು ತಡವಾದಾಗ ನಿಲ್ದಾಣದಲ್ಲಿ ಕೂತವರು ಪಕ್ಕದವರಿಗೆ ಹೇಳುತ್ತಾರಲ್ಲ, ಆ ದನಿ. ಹೇಳಿ, ಹಾಸಿಗೆಯ ಪಕ್ಕದ ಪರಸಿಯ ಮೇಲೆ ಅಂಗೈ ಊರಿ, ಅದರ ತಂಪು ನೋಡಿಕೊಂಡು, ಆಮೇಲೆ ಚಹಾ ಕೇಳುತ್ತಿದ್ದಳು.

ನಮ್ಮದು ಶಹಾಬಾದ. ಊರಿನ ಹೆಸರು ಕೇಳಿರದವರೂ ಅದರ ಕಲ್ಲನ್ನು ತುಳಿದಿರುತ್ತಾರೆ. ಹಳೆಯ ಶಾಲೆಗಳ ವರಾಂಡ, ರೈಲು ನಿಲ್ದಾಣ, ಮಠದ ಪ್ರಸಾದದ ಮನೆ, ಎಲ್ಲೆಲ್ಲೂ ಹಾಸಿರುವ ಬೂದು ಬಣ್ಣದ ಆ ಪರಸಿ ನಮ್ಮ ಖಣಿಗಳದು. ನಮ್ಮ ಅಜ್ಜ ಆ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಆಯಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಹೊರುತ್ತಿದ್ದಳು. ಅವಳ ವಯಸ್ಸು ಯಾರಿಗೂ ಖಚಿತವಿರಲಿಲ್ಲ. ರಜಾಕಾರರ ಗಲಾಟೆಯ ಹೊತ್ತಿಗೆ ತನಗೆ ಮದುವೆಯಾಗಿ ವರ್ಷವಾಗಿತ್ತು ಎನ್ನುತ್ತಿದ್ದಳು. ಆ ಲೆಕ್ಕ ಹಿಡಿದರೆ 2024ರಲ್ಲಿ ಹೋದಾಗ ತೊಂಬತ್ತು ದಾಟಿತ್ತು.

ಆಗ ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ದಿನಾ ರೈಲಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ ಟೋಲ್ಕಿನ್‌ನ ‘ಸಿಲ್ಮರಿಲಿಯನ್’ ಹಿಡಿದಿದ್ದೆ. ಲೇಖಕ ತೀರಿಕೊಂಡ ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಹೊಂದಿಸಿ ಪ್ರಕಟಿಸಿದ ಪುಸ್ತಕ. ಕಷ್ಟದ ಪುಸ್ತಕ, ಹೆಸರುಗಳೇ ಹೆಸರುಗಳು. ಆದರೆ ಅದರ ಮೊದಲ ಪುಟಗಳಲ್ಲೇ ಒಂದು ವಿಚಿತ್ರ ಕಲ್ಪನೆ ಬರುತ್ತದೆ. ಆ ಲೋಕದಲ್ಲಿ ಸೃಷ್ಟಿಕರ್ತನಿಗೆ ಎರಡು ಸಂತಾನ. ಹಿರಿಯರು ಎಲ್ಫರು, ಅವರಿಗೆ ಮುಪ್ಪಿಲ್ಲ, ರೋಗವಿಲ್ಲ. ಕಿರಿಯರು ಮನುಷ್ಯರು, ಅವರು ಸಾಯುತ್ತಾರೆ. ವಿಚಿತ್ರ ಇಷ್ಟೇ ಅಲ್ಲ. ಈ ಸಾವನ್ನು ಅಲ್ಲಿ ಶಾಪ ಎಂದು ಕರೆದಿಲ್ಲ, ದೇವರು ಕೊಟ್ಟ ಉಡುಗೊರೆ ಎಂದಿದೆ. ಕಾಲ ಸವೆಯುತ್ತ ಹೋದಂತೆ ದೇವತೆಗಳೂ ಈ ಉಡುಗೊರೆಗೆ ಹೊಟ್ಟೆಕಿಚ್ಚು ಪಡುತ್ತಾರಂತೆ.

ಎಲ್ಫರ ಅಮರತ್ವವನ್ನು ಟೋಲ್ಕಿನ್ ಅಗ್ಗ ಮಾಡಿಲ್ಲ. ಅವರು ಲೋಕಕ್ಕೆ ಕಟ್ಟಿಹಾಕಿದವರು. ಕತ್ತಿಯಿಂದ ಕೊಂದರೆ ದೇಹ ಹೋಗುತ್ತದೆ, ದುಃಖ ಅತಿಯಾದರೂ ಹೋಗುತ್ತದೆ. ಆದರೆ ಜೀವ ಲೋಕ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಮಾಂಡೋಸ್ ಎಂಬಾತನ ಹಜಾರಗಳಲ್ಲಿ ಕಾಯಬೇಕು, ಕೆಲವರು ಮರಳಿ ದೇಹ ಪಡೆಯುತ್ತಾರೆ. ಲೋಕ ಇರುವವರೆಗೆ ಅವರೂ ಇರಬೇಕು. ಕಂಡದ್ದೆಲ್ಲ ನೆನಪಿರುತ್ತದೆ, ನೆನಪಿನ ಭಾರ ಬೆಳೆಯುತ್ತದೆ, ಬರಬರುತ್ತ ಅವರ ಮೈಯೇ ಆ ನೆನಪಿನಲ್ಲಿ ಮಸುಕಾಗುತ್ತದೆ. ಮನುಷ್ಯರೋ, ಲೋಕದ ಹೊರಗೆ ಹೋಗುತ್ತಾರೆ. ಎಲ್ಲಿಗೆ ಎಂಬುದು ಎಲ್ಫರಿಗೆ ಗೊತ್ತಿಲ್ಲ.

ಒಂದು ಸಂಜೆ ಇದನ್ನು ಆಯಿಗೆ ಹೇಳಿದೆ. ಸುಮ್ಮನೆ ಕತೆಯೆಂದು ಹೇಳಿದ್ದಲ್ಲ, ಅವಳ ಬೆಳಗಿನ ಮಾತಿಗೆ ಉತ್ತರ ಸಿಕ್ಕಿತೆಂದು ಹುರುಪಿನಲ್ಲಿ ಹೇಳಿದೆ. ಸಾವು ದೇವರ ಉಡುಗೊರೆಯಂತೆ ಆಯಿ, ಎಂದೆ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಕೊಡೋದಿದ್ರ ಟೈಮಿಗೆ ಕೊಡಬೇಕು” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. “ಆ ಸಾಯಲಾರದ ಮಂದಿ ಅದಾರಲ್ಲ, ಅವರ ಮಕ್ಕಳೂ ಸಾಯಂಗಿಲ್ಲೇನು?”

ಇಲ್ಲ, ಅವರೂ ಸಾಯುವುದಿಲ್ಲ ಎಂದೆ.

“ಮತ್ತ ಅವರಿಗೇನು ತ್ರಾಸು?”

ನಾನು ನೆನಪಿನ ಭಾರ, ಮಸುಕಾಗುವುದು ಎಂದೇನೋ ವಿವರಿಸಲು ಹೋದೆ. ಅವಳಿಗೆ ಹಿಡಿಸಲಿಲ್ಲ. ಅವಳ ಏಳು ಮಕ್ಕಳಲ್ಲಿ ಮೂವರು ಅವಳ ಕಣ್ಣೆದುರೇ ಹೋಗಿದ್ದರು. ಕೊನೆಯವನು, ನಮ್ಮ ಸಣ್ಣ ಕಾಕಾ, ಐವತ್ತೆಂಟಕ್ಕೆ. “ಎಲ್ಲಾರೂ ಕೂಡೇ ಇದ್ರ ಇರಾಕೇನು? ಸಾವಿರ ವರ್ಷ ಇರಬಹುದು” ಎಂದಳು. ಕುಟ್ಟುವ ಸದ್ದು ಮತ್ತೆ ಶುರುವಾಯಿತು.

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಮರತ್ವದ ಬಗ್ಗೆ ಬರೆಯುವ ತತ್ವಜ್ಞಾನಿಗಳು ಬೇಸರದ ಪ್ರಶ್ನೆಯನ್ನು ಎತ್ತುತ್ತಾರೆ. ಸಾವಿರ ವರ್ಷ ಬದುಕಿದರೆ ಬೇಜಾರಾಗುವುದಿಲ್ಲವೇ, ಬದುಕಿಗೆ ಅರ್ಥ ಇರುತ್ತದೆಯೇ ಎಂದು. ಆಯಿಗೆ ಬೇಸರ ಸಮಸ್ಯೆಯೇ ಆಗಿರಲಿಲ್ಲ. ಕಲ್ಲು ಹೊತ್ತ ಹೆಂಗಸಿಗೆ ಕೂತು ಎಲೆಯಡಿಕೆ ಕುಟ್ಟುವುದು ಸಾವಿರ ವರ್ಷಕ್ಕೂ ಸಾಕಾಗುವಷ್ಟು ಸುಖ. ಅವಳ ಸಂಕಟ ಆಯುಷ್ಯ ಉದ್ದವಾದದ್ದಲ್ಲ, ಆಯುಷ್ಯಗಳು ಸಮನಾಗಿಲ್ಲದ್ದು. ಹಾಗೆ ನೋಡಿದರೆ ಟೋಲ್ಕಿನ್‌ನ ಕತೆಗಳಲ್ಲೂ ಎಲ್ಫರು ನಿಜವಾಗಿ ಒಡೆದುಹೋಗುವುದು ತಮ್ಮವರ ನಡುವೆ ಅಲ್ಲ. ಮನುಷ್ಯನನ್ನು ಪ್ರೀತಿಸಿದಾಗ. ಲೂಥಿಯೆನ್ ಬೆರೆನ್‌ನನ್ನು, ಆರ್ವೆನ್ ಅರಗಾರ್ನ್‌ನನ್ನು ಮೆಚ್ಚಿದಾಗ. ಅಮರರಿಗೆ ಸಾಯುವವರು ಮನೆಯವರಾದಾಗ.

ತೊಂಬತ್ತು ದಾಟಿದವರು ನಮ್ಮ ನಡುವಿನ ಎಲ್ಫರು ಎಂದು ಆಗ ಅನ್ನಿಸಿತು. ಓರಗೆಯವರು ಒಬ್ಬರೂ ಉಳಿದಿರುವುದಿಲ್ಲ. ಅವರು ಹೇಳುವ ಹೆಸರುಗಳು ಯಾರಿಗೂ ಗೊತ್ತಿರುವುದಿಲ್ಲ.

ಟೋಲ್ಕಿನ್‌ಗೆ ಇದು ಪುಸ್ತಕದ ಮಾತಲ್ಲ. ನಾಲ್ಕು ವರ್ಷಕ್ಕೆ ತಂದೆ ಹೋದರು, ಹನ್ನೆರಡಕ್ಕೆ ತಾಯಿ. 1916ರಲ್ಲಿ ಸೋಮ್ ಯುದ್ಧದ ಕಂದಕಗಳಲ್ಲಿದ್ದ. ಶಾಲೆಯ ದಿನಗಳಿಂದ ಜೊತೆಗಿದ್ದ ನಾಲ್ವರ ಗುಂಪಿನಲ್ಲಿ ಇಬ್ಬರು ಅದೇ ವರ್ಷ ಸತ್ತರು. ಇಪ್ಪತ್ತೈದು ತುಂಬುವ ಮೊದಲೇ ಆತ ಒಂದು ರೀತಿಯಲ್ಲಿ ಉಳಿದವನಾಗಿದ್ದ. ‘ಲಾರ್ಡ್ ಆಫ್ ದಿ ರಿಂಗ್ಸ್’ ಕುರಿತು ಕೇಳಿದವರಿಗೆ, ಅದರ ನಿಜವಾದ ವಿಷಯ ಅಧಿಕಾರವಲ್ಲ, ಸಾವು ಮತ್ತು ಸಾವಿಲ್ಲದಿರುವ ಆಸೆ ಎಂಬರ್ಥದಲ್ಲಿ ಪತ್ರಗಳಲ್ಲಿ ಬರೆದಿದ್ದಾನೆ. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಅವನ ಮತ್ತು ಹೆಂಡತಿ ಎಡಿತ್‌ಳ ಸಮಾಧಿಯ ಮೇಲೆ ಅವರ ಹೆಸರುಗಳ ಕೆಳಗೆ ಬೆರೆನ್, ಲೂಥಿಯೆನ್ ಎಂದು ಕೆತ್ತಿದೆ.

ಆದರೂ ಒಂದು ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಸಾವು ಉಡುಗೊರೆ ಎಂದು ಆ ಪುಸ್ತಕದಲ್ಲಿ ಹೇಳುತ್ತಿರುವವರು ಯಾರು? ಆ ಪುರಾಣ ಎಲ್ಫರ ಪರಂಪರೆಯಿಂದ ಬಂದದ್ದು. ಸಾಯದವರು ಸಾಯುವವರಿಗೆ, ನಿಮಗೆ ಒಳ್ಳೆಯದೇ ಸಿಕ್ಕಿದೆ ಬಿಡಿ ಎನ್ನುತ್ತಿದ್ದಾರೆ. ಅದೇ ಪುಸ್ತಕದಲ್ಲಿ ಕುಬ್ಜರ ಬಗ್ಗೆ ಒಂದು ಸಣ್ಣ ಮಾತಿದೆ. ಕುಬ್ಜರು ಸತ್ತರೆ ತಾವು ಹುಟ್ಟಿಬಂದ ಮಣ್ಣಿಗೆ, ಕಲ್ಲಿಗೆ ಮರಳುತ್ತಾರೆ ಎಂದು ಎಲ್ಫರು ಹಿಂದೆ ನಂಬಿದ್ದರಂತೆ. ಕುಬ್ಜರ ಸ್ವಂತ ನಂಬಿಕೆ ಬೇರೆ. ತಮ್ಮನ್ನು ಮಾಡಿದವನು ತಮಗಾಗಿ ಬೇರೆ ಹಜಾರಗಳನ್ನು ಕಾದಿರಿಸಿದ್ದಾನೆ ಎಂದು ಅವರು ಹೇಳಿಕೊಳ್ಳುತ್ತಾರೆ. ಒಬ್ಬರ ಸಾವಿನ ಬಗ್ಗೆ ಇನ್ನೊಬ್ಬರ ಸಿದ್ಧಾಂತ ಎಷ್ಟು ಸಲೀಸಾಗಿ ತಯಾರಾಗುತ್ತದೆ ನೋಡಿ. ಖಣಿ ಕೆಲಸಗಾರರ ಮೊಮ್ಮಗನಾಗಿ ಈ ಸಾಲನ್ನು ಓದುವಾಗ ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು.

ಟೋಲ್ಕಿನ್‌ಗೂ ಈ ಅನುಮಾನ ಕಾಡಿರಬೇಕು. 1993ರಲ್ಲಿ ಬಂದ ‘ಮಾರ್ಗೊತ್ಸ್ ರಿಂಗ್’ ಸಂಪುಟದಲ್ಲಿ ಅವನದೊಂದು ಸಂವಾದವಿದೆ. ಎಲ್ಫರ ರಾಜ ಫಿನ್‌ರಾಡ್ ಒಂದು ಕಡೆ, ಆಂಡ್ರೆತ್ ಎಂಬ ಮನುಷ್ಯ ಕುಲದ ತಿಳಿದ ಹೆಂಗಸು ಇನ್ನೊಂದು ಕಡೆ. ಅವನದು ಸೌಜನ್ಯ, ಅನುಕಂಪ, ತರ್ಕ. ಅವಳು ಒಪ್ಪುವುದಿಲ್ಲ. ನಾವು ಸಾಯಲೆಂದು ಹುಟ್ಟಿದವರಲ್ಲ, ಇದು ನಮ್ಮ ಮೇಲೆ ಹೇರಿದ ಗಾಯ, ಉಡುಗೊರೆ ಅಂತ ಕರೆಯಬೇಡ ಎಂಬುದು ಅವಳ ನಿಲುವು. ಮಾತು ಮುಂದುವರಿದಂತೆ ಗೊತ್ತಾಗುತ್ತದೆ, ಅವಳು ಯೌವನದಲ್ಲಿ ಪ್ರೀತಿಸಿದ್ದು ಇದೇ ಫಿನ್‌ರಾಡ್‌ನ ತಮ್ಮನನ್ನು. ಅವನು ಹಾಗೇ ಇದ್ದಾನೆ. ಅವಳ ಕೂದಲು ನೆರೆಯುತ್ತಿದೆ. ಆ ಹಂತಕ್ಕೆ ಬಂದಾಗ ವಾದ ವಾದವಾಗಿ ಉಳಿಯುವುದಿಲ್ಲ. ಅವನ ಎಲ್ಲ ಬರಹಗಳಲ್ಲಿ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸಿದ್ದು ಈ ಕೆಲವೇ ಪುಟಗಳು. ಅವನು ಬದುಕಿದ್ದಾಗ ಪ್ರಕಟಿಸಲಿಲ್ಲ.

ಇದೆಲ್ಲ ಇಂಗ್ಲೆಂಡಿನ ಕಲ್ಪನೆ, ನಮಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ವಾಡಿಯಲ್ಲಿ ರೈಲು ಬದಲಿಸಿ ಸೇಡಂ ಕಡೆ ಹೋಗಲು ಹೇಳುತ್ತೇನೆ. ಚಿತ್ತಾಪುರ ದಾಟಿದರೆ ಮಳಖೇಡ ರೋಡ್. ಸಿಮೆಂಟ್ ಕಾರ್ಖಾನೆಯ ಧೂಳಿನ ಆಚೆ ಕಾಗಿಣಾ ನದಿ, ನದಿಯ ದಂಡೆಗೆ ಕೋಟೆ, ಒಳಗೆ ಒಂದು ಹಳ್ಳಿ. ಇದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ್ದು ಇಲ್ಲಿಂದ. ಶ್ರೀವಿಜಯನ ‘ಕವಿರಾಜಮಾರ್ಗ’ಕ್ಕೂ ಇದೇ ಆಸರೆ. ನಮ್ಮ ಹುಡುಗರಿಗೆ ಇಷ್ಟು ಪಠ್ಯದಲ್ಲಿ ಗೊತ್ತು. ಗೊತ್ತಿಲ್ಲದ್ದು, ಅಮೋಘವರ್ಷ ಗುರುವೆಂದು ಭಾವಿಸಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಆದಿಪುರಾಣ’. ಅವರು ಮುಗಿಸದೆ ಹೋದದ್ದನ್ನು ಶಿಷ್ಯ ಗುಣಭದ್ರ ಪೂರೈಸಿದ. ಅದನ್ನು ಆಧರಿಸಿ ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ ಬರೆದ. ಆಮೇಲೆ 965ರಲ್ಲಿ ಪುಷ್ಪದಂತ ಇದೇ ಮಾನ್ಯಖೇಟದಲ್ಲಿ ಕೂತು ಅಪಭ್ರಂಶದಲ್ಲಿ ಇನ್ನೊಂದು ಮಹಾಪುರಾಣ ಮುಗಿಸಿದ. ಒಂದು ರಾಜ್ಯ ಮೂರು ಭಾಷೆಗಳಲ್ಲಿ ಒಂದು ಲೋಕವನ್ನೇ ಕಟ್ಟಿಕೊಂಡಿತ್ತು. ಸ್ವರ್ಗದ ಮೇಲೆ ಸ್ವರ್ಗ, ದ್ವೀಪದ ಸುತ್ತ ಸಮುದ್ರ, ಪ್ರತಿಯೊಂದು ಕುಲಕ್ಕೂ ಬೇರೆ ಬೇರೆ ಎತ್ತರ, ಬಣ್ಣ, ಆಯುಷ್ಯ. ಟೋಲ್ಕಿನ್‌ನ ನಕ್ಷೆ, ವಂಶಾವಳಿಗಳ ಹುಚ್ಚು ಕಂಡು ಬೆರಗಾಗುವವರು ಒಮ್ಮೆ ಜೈನ ಪುರಾಣ ತೆರೆಯಬೇಕು.

ಆ ಲೋಕದ ದೇವತೆಗಳು ಸಾಯುತ್ತಾರೆ.

ಅವರ ಆಯುಷ್ಯವನ್ನು ಸಾಗರೋಪಮಗಳಲ್ಲಿ ಅಳೆಯುತ್ತಾರೆ, ನಮ್ಮ ಎಣಿಕೆಗೆ ಸಿಗದ ಅಳತೆ. ಸಾವಿರ ವರ್ಷಕ್ಕೊಮ್ಮೆ ಮನಸ್ಸಿನಲ್ಲೇ ಊಟ, ಹದಿನೈದು ದಿನಕ್ಕೊಮ್ಮೆ ಉಸಿರು. ಆದರೆ ಮುಗಿಯುತ್ತದೆ. ಆದಿನಾಥನ ಹಿಂದಿನ ಜನ್ಮಗಳಲ್ಲಿ ಒಂದು ಲಲಿತಾಂಗನೆಂಬ ದೇವನದು. ಅವನ ದೇವಿಯರ ಆಯುಷ್ಯ ಅವನದಕ್ಕಿಂತ ಕಡಿಮೆ. ಒಬ್ಬಳ ನಂತರ ಒಬ್ಬಳು ಬರುತ್ತಾರೆ, ತೀರುತ್ತಾರೆ. ಕೊನೆಗೆ ಬಂದವಳು ಸ್ವಯಂಪ್ರಭೆ, ಅವಳ ಮೇಲೆ ಅವನಿಗೆ ಜೀವ. ಅಷ್ಟರಲ್ಲಿ ಅವನದೇ ಕೊನೆ ಬರುತ್ತದೆ. ಆರು ತಿಂಗಳು ಮೊದಲೇ ಸೂಚನೆ, ಎಂದೂ ಬಾಡದ ಕೊರಳ ಮಾಲೆ ಬಾಡುತ್ತದೆ, ಮೈಯ ಕಾಂತಿ ಕಂದುತ್ತದೆ. ದೇವ ಹೆದರುತ್ತಾನೆ. ಉಳಿದ ದೇವತೆಗಳು ಬಂದು ಸಮಾಧಾನ ಹೇಳುತ್ತಾರೆ. ಹುಟ್ಟಿದ ಮೇಲೆ ಇದು ತಪ್ಪದು, ಧರ್ಮದಲ್ಲಿ ಮನಸ್ಸಿಡು ಎಂಬ, ನಮ್ಮೂರ ಸಾವಿನ ಮನೆಗಳಲ್ಲಿ ಕೇಳುವಂಥದೇ ಮಾತು.

ಈ ದೃಶ್ಯದಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಸಮಾಧಾನ ಹೇಳಲು ಬಂದವರ ಕೊರಳ ಮಾಲೆಗಳೂ ಒಂದು ದಿನ ಬಾಡುವಂಥವೇ. ಅಲ್ಲಿ ಫಿನ್‌ರಾಡ್‌ನಂಥವರು ಯಾರೂ ಇಲ್ಲ. ಸಾವಿನಿಂದ ರಿಯಾಯಿತಿ ಪಡೆದ ಕುಲ ಒಂದೂ ಇಲ್ಲ. ಜೊತೆಗೆ ಇನ್ನೊಂದು ವಿಶೇಷ ಉಂಟು. ಮೋಕ್ಷ ಸಿಗುವುದು ಮನುಷ್ಯ ಜನ್ಮದಿಂದ ಮಾತ್ರ, ದೇವತೆಗಳು ವ್ರತ ಹಿಡಿಯಲಾರರು, ಸುಖವೇ ಅವರಿಗೆ ಅಡ್ಡಿ. ಆಕ್ಸ್‌ಫರ್ಡ್‌ನ ಕ್ಯಾಥೊಲಿಕ್ ಪ್ರಾಧ್ಯಾಪಕನೂ ಮಳಖೇಡದ ದಿಗಂಬರ ಆಚಾರ್ಯರೂ ಒಂದು ಮಾತಿನಲ್ಲಿ ಕೂಡುತ್ತಾರೆ. ಇಬ್ಬರ ಲೋಕದಲ್ಲೂ ಹೊರಬಾಗಿಲು ಇರುವುದು ಅಲ್ಪಾಯುಷಿಗಳ ಮನೆಯಲ್ಲಿ. ವ್ಯತ್ಯಾಸ ಸಣ್ಣದಲ್ಲ. ಟೋಲ್ಕಿನ್‌ನಲ್ಲಿ ಸಾವೇ ಆ ಬಾಗಿಲು. ಜಿನಸೇನರಲ್ಲಿ ಸಾವು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದು ಅಷ್ಟೆ, ಬಾಗಿಲನ್ನು ನಾವೇ ಮಾಡಿಕೊಳ್ಳಬೇಕು.

ಸಾಯುವವರು ಕೂತು ಅಮರರ ಸಾವನ್ನು ಬರೆದದ್ದು ಯಾಕೆ? ಹೊಟ್ಟೆಕಿಚ್ಚಿಗೆ ಎನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ದೊಡ್ಡ ರಾಜಧಾನಿಯಲ್ಲಿ, ಇದು ಮುಗಿಯುವುದೇ ಇಲ್ಲ ಎಂದು ತೋರುವ ಅರಮನೆಯ ನೆರಳಲ್ಲಿ ಕೂತವರಿಗೆ ಈ ಮಾತು ಹೇಳಬೇಕಾಗಿತ್ತು. ನೀಲಾಂಜನೆಯ ಪ್ರಸಂಗ ನೋಡಿ. ಆದಿದೇವನ ಆಸ್ಥಾನದಲ್ಲಿ ದೇವನರ್ತಕಿ ಕುಣಿಯುತ್ತಿದ್ದಾಳೆ, ಕುಣಿತದ ನಡುವೆ ಅವಳ ಆಯುಷ್ಯ ಮುಗಿದು ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ಅದೇ ಹೆಜ್ಜೆಯಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತೇ ಆಗುವುದಿಲ್ಲ. ಒಬ್ಬನಿಗೆ ಮಾತ್ರ ಗೊತ್ತಾಗುತ್ತದೆ. ಪಾಠದಲ್ಲಿ ಇದನ್ನು ವೈರಾಗ್ಯದ ಉದಾಹರಣೆಯೆಂದು ಓದಿಸುತ್ತಾರೆ, ಸರಿ. ನನಗೆ ಮಾತ್ರ ಅಲ್ಲಿ ವೈರಾಗ್ಯಕ್ಕಿಂತ ಮೊದಲು ಕಾಣುವುದು ಗಮನ. ಸಭೆಯಲ್ಲಿ ಇಷ್ಟು ಜನ ಕೂತಿದ್ದಾರೆ, ಒಬ್ಬಳು ಹೋದದ್ದನ್ನು ಒಬ್ಬನಾದರೂ ನೋಡಿದ.

972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿದ. ಮಾಲೆ ಬಾಡಿದ್ದು ಯಾರಿಗೆ ಕಂಡಿತ್ತೋ. ನಾನು ಹೋದಾಗ ಕೋಟೆಯ ಹೊರಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಊರೊಳಗೆ ನೇಮಿನಾಥ ಬಸದಿ, ಅದರಲ್ಲಿ ತೀರ್ಥಂಕರರಿಂದ ತುಂಬಿದ ಪಂಚಲೋಹದ ಪುಟ್ಟ ಮಂಟಪ. ನದಿಯ ಕಡೆ ಉತ್ತರಾದಿ ಮಠ, ಟೀಕಾಚಾರ್ಯರ ಆರಾಧನೆಗೆ ದೂರದಿಂದ ಜನ ಬರುತ್ತಾರೆ. ನಮ್ಮ ಸೀಮೆಯಲ್ಲಿ ದೊಡ್ಡವರು ಯಾರೂ ಸತ್ತಿಲ್ಲ. ಯತಿಗಳು ವೃಂದಾವನಸ್ಥರಾಗಿದ್ದಾರೆ, ಶರಣರು ಲಿಂಗೈಕ್ಯರಾಗಿದ್ದಾರೆ. 1422ರಲ್ಲಿ ತೀರಿದ ಕಲಬುರಗಿಯ ಖ್ವಾಜಾ ಬಂದೇನವಾಜರಿಗೆ ಪ್ರತಿವರ್ಷ ಉರುಸು, ಉರುಸೆಂದರೆ ಮೂಲದಲ್ಲಿ ಮದುವೆ. ಸಾಯುವ ಕ್ರಿಯಾಪದ ಉಳಿದದ್ದು ಬಡವರಿಗೆ, ದನಕರುಗಳಿಗೆ. ಆಯಿ ಅದನ್ನೇ ಬಳಸುತ್ತಿದ್ದಳು.

ಟೋಲ್ಕಿನ್ ಕಟ್ಟಿದ ನೂಮೆನೋರ್ ದ್ವೀಪದ ಕತೆ ಮಳಖೇಡದ ಗೋಡೆಗಳ ಮೇಲೆ ಕೂತಾಗ ನೆನಪಾಯಿತು. ಅಲ್ಲಿನ ಮನುಷ್ಯರಿಗೆ ಉದ್ದ ಆಯುಷ್ಯ ಕೊಟ್ಟಿದ್ದರು, ಅಮರತ್ವ ಕೊಟ್ಟಿರಲಿಲ್ಲ. ಮೊದಲ ರಾಜರು ದಣಿವು ಬಂದಾಗ ತಾವೇ ಮಲಗಿ ಜೀವ ಬಿಡುತ್ತಿದ್ದರು. ನಂತರದವರಿಗೆ ಹೆದರಿಕೆ ಶುರುವಾಯಿತು. ಸಿಂಹಾಸನಕ್ಕೆ ಅಂಟಿಕೊಂಡರು, ಹೆಣ ಕೆಡದ ಔಷಧ ಹುಡುಕಿದರು, ಬದುಕಿದವರ ಮನೆಗಳಿಗಿಂತ ಚೆಂದದ ಗೋರಿಗಳನ್ನು ಕಟ್ಟಿದರು. ಕೊನೆಯ ರಾಜ ಅಮರರ ನೆಲವನ್ನೇ ಗೆಲ್ಲಲು ಹಡಗು ಹತ್ತಿದ, ದ್ವೀಪವೇ ಮುಳುಗಿತು. ಇಲ್ಲಿ ನನಗೊಂದು ತಕರಾರಿದೆ. ಆಯುಷ್ಯ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚುತ್ತದೆ ಎಂಬುದು ರಾಜರ ಮಟ್ಟಿಗೆ ನಿಜವಿರಬಹುದು. ಬಿಟ್ಟುಹೋಗಲು ಸಿಂಹಾಸನವೇ ಇಲ್ಲದವರ ಹೆದರಿಕೆ ಬೇರೆ ಥರದ್ದು.

ಜೀವವನ್ನು ತಾವಾಗಿ ಬಿಟ್ಟ ರಾಜರು ನಮ್ಮಲ್ಲೂ ಇದ್ದರು, ಕಲ್ಪನೆಯಲ್ಲಿ ಅಲ್ಲ. ಮಾನ್ಯಖೇಟ ಬಿದ್ದ ಮೇಲೆ ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನನ್ನು ಗಂಗರ ಮಾರಸಿಂಹ ಪಟ್ಟಕ್ಕೆ ಕೂರಿಸಲು ನೋಡಿದ, ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ಹಿಡಿದು ತೀರಿದ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ರೀತಿ ಉಪವಾಸ ಕೂತು ದೇಹ ಬಿಟ್ಟ. ಟೋಲ್ಕಿನ್‌ನ ಅರಗಾರ್ನ್ ಕೂಡ ಇನ್ನೂರ ಹತ್ತನೆಯ ವಯಸ್ಸಿಗೆ, ಮುಪ್ಪು ಕೆಡಿಸುವ ಮೊದಲು, ಪೂರ್ವಿಕರ ಸಮಾಧಿ ಮನೆಗೆ ನಡೆದುಹೋಗಿ ಮಲಗುತ್ತಾನೆ. ಇಂಥ ಸಾವಿನ ಘನತೆಯನ್ನು ನಾನು ಒಪ್ಪುತ್ತೇನೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರವನ್ನು ಅಪರಾಧ ಎಂದು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಾಗ, ವ್ರತ ಹಿಡಿದವರ ಕಡೆಗೇ ನನ್ನ ಮನಸ್ಸು ಇತ್ತು. ಆದರೆ ಅರಗಾರ್ನ್ ಮಲಗಿದಾಗ ಪಕ್ಕದಲ್ಲಿ ಆರ್ವೆನ್ ಇದ್ದಾಳೆ. ಅವನಿಗಾಗಿ ಅಮರತ್ವ ಬಿಟ್ಟವಳು. ತನ್ನ ಹಿರಿಯರು ಉಡುಗೊರೆ ಎಂದದ್ದು ಇದನ್ನೇ ಆದರೆ, ತೆಗೆದುಕೊಳ್ಳಲು ಇದು ಬಹಳ ಕಹಿ ಎಂಬರ್ಥದ ಮಾತು ಆಡುತ್ತಾಳೆ. ಇಷ್ಟು ದಿನ ಸಾವಿಗೆ ಹೆದರಿದ ನೂಮೆನೋರ್‌ನ ಜನರನ್ನು ಮೂರ್ಖರೆಂದು ತಿಳಿದಿದ್ದೆ, ಈಗ ಅವರ ಮೇಲೆ ಕನಿಕರ ಬರುತ್ತಿದೆ ಎನ್ನುತ್ತಾಳೆ. ಅರಗಾರ್ನ್‌ನ ಉತ್ತರ ಸೊಗಸಾಗಿದೆ. ಅದು ಅವಳಿಗೆ ಸಾಕಾಗುವುದಿಲ್ಲ.

2024ರ ಮಳೆಗಾಲದಲ್ಲಿ ಆಯಿಗೆ ನ್ಯುಮೋನಿಯಾ ಆಯಿತು. ಕಲಬುರಗಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ರಾತ್ರಿ ಪಕ್ಕದಲ್ಲಿ ನಾನೇ ಇದ್ದೆ. ಸುಮಾರು ಮೂರು ಗಂಟೆಗೆ ಉಸಿರು ಸಿಕ್ಕಿಕೊಂಡು ಎದ್ದಳು. ನನ್ನ ಮಣಿಕಟ್ಟು ಹಿಡಿದಳು, ಉಗುರು ಒಳಗಿಳಿಯುವ ಹಾಗೆ. “ಎಲ್ಲಿ ಹೋಗಬ್ಯಾಡ. ಇಲ್ಲೇ ಕುಂದ್ರು. ನನ್ನ ಬಿಡಬ್ಯಾಡ.” ಎರಡು ವರ್ಷ ದಿನಾ ಬೆಳಗ್ಗೆ ಸಾವನ್ನು ಕಾದವಳು. ಆ ಕಣ್ಣುಗಳಲ್ಲಿ ಕಾಯುವುದು ಕಾಣಲಿಲ್ಲ, ಹೆದರಿಕೆ ಕಂಡಿತು. ನರ್ಸ್ ಬಂದು ಮಾಸ್ಕ್ ಸರಿಮಾಡಿದ ಮೇಲೆ ಮಲಗಿದಳು. ಕೈ ಬಿಡಲಿಲ್ಲ.

ಬೆಳಗಿನ ಮಾತು ಸುಳ್ಳು, ರಾತ್ರಿಯದು ನಿಜ ಎಂದು ಮೊದಲು ತಿಳಿದೆ. ಈಗ ಹಾಗೆ ತಿಳಿಯುವುದಿಲ್ಲ. ಬೆಳಗ್ಗೆ ಅವಳು ತನ್ನ ಇಡೀ ಬದುಕನ್ನು ನೋಡಿ ಮಾತಾಡುತ್ತಿದ್ದಳು, ಸಾಕು ಅನ್ನುತ್ತಿದ್ದಳು. ರಾತ್ರಿ ಮಾತಾಡಿದ್ದು ಮುಂದಿನ ಒಂದು ಉಸಿರಿನ ಬಗ್ಗೆ, ಅದು ಬೇಕು ಎಂದು. ಎರಡೂ ಒಬ್ಬಳದೇ. ಲಲಿತಾಂಗ ಎಷ್ಟು ಸಾಗರ ಬದುಕಿದರೂ ಮಾಲೆ ಬಾಡಿದ ದಿನ ಹೆದರಿದ್ದನ್ನು ಜಿನಸೇನರು ಮುಚ್ಚಿಡಲಿಲ್ಲ ಎಂಬುದು ಆಗ ಅರ್ಥವಾಯಿತು.

ಮರುದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ಕೇಳಿದರು. ಉಸಿರು ಇನ್ನೂ ಇಳಿದರೆ ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಬೇಕಾಗುತ್ತದೆ, ಈ ವಯಸ್ಸಿನಲ್ಲಿ ಮತ್ತೆ ತೆಗೆಯುವುದು ಕಷ್ಟ, ಏನು ಮಾಡೋಣ ಎಂದು. ಅಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಒಪ್ಪಿತ್ತು, 2023ರಲ್ಲಿ ನಿಯಮ ಸಡಿಲಿಸಿತ್ತು. ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಕರ್ನಾಟಕ ಸರ್ಕಾರದ ಆದೇಶ ಬಂದದ್ದು ಆಯಿ ಹೋದ ಮೇಲೆ, 2025ರ ಜನವರಿಯಲ್ಲಿ. ಬಂದಿದ್ದರೂ ಏನು, ಹೆಬ್ಬೆಟ್ಟು ಒತ್ತುವ ಹೆಂಗಸು ಯಾವ ಕಾಗದ ಬರೆಸಿಟ್ಟಾಳು. ದೊಡ್ಡ ಕಾಕಾ ಎಲ್ಲ ಮಾಡ್ರಿ ಎಂದ. ಅಪ್ಪ ಸುಮ್ಮನಿದ್ದ. ನಾನು ಬಾಯಿ ಬಿಟ್ಟೆ. ಅವಳೇ ದಿನಾ ಸಾವು ಕೇಳುತ್ತಿದ್ದಳಲ್ಲ, ಸಾವೂ ಒಂದು ವರವೇ, ಅವಳಿಗೆ ಅದನ್ನು ತಪ್ಪಿಸುವುದು ನ್ಯಾಯವಲ್ಲ, ಹೀಗೆ ಏನೇನೋ. ಚೆನ್ನಾಗಿ ಮಾತಾಡಿದೆ ಅಂತಲೇ ಅನ್ನಿಸಿತ್ತು. ಕಾಕಾ ಕೇಳಿಸಿಕೊಂಡ. ಅವನಿಗೆ ಎಪ್ಪತ್ತು, ಎರಡು ಸಲ ಎದೆನೋವು ಬಂದು ಹೋಗಿದೆ.

“ನಿನಗ ಎಷ್ಟು ವಯಸ್ಸು?” ಎಂದ.

ಇಪ್ಪತ್ಮೂರು.

ಅವನು ಮತ್ತೇನೂ ಅನ್ನಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಫಿನ್‌ರಾಡ್‌ನ ಜಾಗದಲ್ಲಿ ಕೂತಿದ್ದವನು ನಾನು. ರೈಲಿನಲ್ಲಿ ಓದಿದ ಅಮರರ ಮಾತನ್ನು, ಅಂಥದೇ ಒಂದು ಅಮರತ್ವದಲ್ಲಿ ಕೂತು, ಸಾಯುತ್ತಿದ್ದವಳ ಪರವಾಗಿ ಆಡಿದ್ದೆ. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಇನ್ನೊಂದಕ್ಕೆ. ಹಿಂದಿನ ರಾತ್ರಿ ಮೂರು ಗಂಟೆಗೆ ಅವಳು ನನ್ನ ಕೈ ಹಿಡಿದು ಹೇಳಿದ್ದನ್ನು ನಾನು ಅಲ್ಲಿ ಹೇಳಿರಲಿಲ್ಲ. ನನ್ನ ವಾದಕ್ಕೆ ಅದು ಒಗ್ಗುತ್ತಿರಲಿಲ್ಲ.

ಆಮೇಲೆ ಹೇಳಿದೆ. ಎಲ್ಲರೂ ಕೇಳಿದರು. ಅಪ್ಪ ಆಗ ಮೊದಲ ಸಲ ಮಾತಾಡಿದ. “ಬಿಡಬ್ಯಾಡ ಅಂದಾಳ. ಮಷೀನ್ ಹಚ್ಚು ಅಂದಿಲ್ಲ. ಯಂತ್ರಕ್ಕ ಹಚ್ಚಿದ್ರ ನಮ್ಮನ್ನ ಹೊರಗ ಕಳಸ್ತಾರ.” ಅಷ್ಟೇ. ಸಾವು ವರವೋ ಶಾಪವೋ ಎಂಬ ನನ್ನ ಪ್ರಶ್ನೆ ಆ ಕೋಣೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅವಳು ಕೇಳಿದ್ದು ಬೇರೆ, ಅದನ್ನು ಕೊಡಲು ಆಗುತ್ತಿತ್ತು. ಆಕ್ಸಿಜನ್ ಸಿಲಿಂಡರಿನ ಜೊತೆ ಮನೆಗೆ ಕರೆತಂದೆವು. ಸರದಿಯಲ್ಲಿ ಕೂತೆವು. ದೊಡ್ಡ ಕಾಕಾಗೆ ಇದು ಇಂದಿಗೂ ಒಪ್ಪಿಗೆಯಿಲ್ಲ, ಹಬ್ಬಕ್ಕೆ ಕೂಡಿದಾಗ ಒಮ್ಮೊಮ್ಮೆ ಆ ಮಾತು ಬರುತ್ತದೆ. ಅವನು ಹೇಳುವುದು ತಪ್ಪು ಎಂದು ಎದೆ ಮುಟ್ಟಿ ಹೇಳಲಾರೆ. ನಾಲ್ಕನೆಯ ದಿನ ಮಧ್ಯಾಹ್ನ ಅಮ್ಮ ಕೈ ಹಿಡಿದು ಕೂತಿದ್ದಾಗ ಹೋದಳು. ನಾನು ಔಷಧ ತರಲು ಹೋಗಿದ್ದೆ.

ಅಶ್ವತ್ಥಾಮನ ಕತೆಯನ್ನು ಇಲ್ಲಿ ಸೇರಿಸಬೇಕೆಂದಿದ್ದೆ. ವ್ಯಾಸಭಾರತದಲ್ಲಿ ಕೃಷ್ಣ ಅವನಿಗೆ ಕೊಟ್ಟ ಶಾಪ ಮೂರು ಸಾವಿರ ವರ್ಷ ಒಬ್ಬನೇ ಅಲೆಯುವುದು, ಮಾತಾಡಿಸುವವರು ಯಾರೂ ಇರಬಾರದು ಎಂಬುದು. ಜನ ಅವನನ್ನು ಚಿರಂಜೀವಿ ಮಾಡಿಟ್ಟುಕೊಂಡು ಶಾಪದ ಎರಡನೆಯ ಅರ್ಧವನ್ನು ಮರೆತರು. ನನಗೆ ಅನ್ನಿಸುವುದು, ಕಠಿಣವಾದದ್ದು ಆ ಅರ್ಧವೇ.

ನಮ್ಮಲ್ಲಿ ಹೂಳುವ ಪದ್ಧತಿ. ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮುಚ್ಚುತ್ತಾರೆ. ಕೂರಿಸಬೇಕಾದ್ದರಿಂದ ಕುಣಿ ಆಳ ಬೇಕು. ಶಹಾಬಾದದಲ್ಲಿ ಅದು ಸುಲಭದ ಕೆಲಸವಲ್ಲ, ಕರಿಮಣ್ಣು ಸ್ವಲ್ಪ ತೆಗೆದರೆ ಕಲ್ಲು ಸಿಗುತ್ತದೆ. ಐವತ್ತು ಕೋಟಿ ವರ್ಷಕ್ಕೂ ಹಿಂದೆ, ಚಿಪ್ಪಿರುವ ಜೀವಿ ಒಂದೂ ಹುಟ್ಟದಿದ್ದಾಗ, ಇಲ್ಲಿದ್ದ ಸಮುದ್ರದ ತಳಕ್ಕೆ ಸುಣ್ಣ ಇಳಿದು ಪದರ ಪದರವಾಗಿ ಕೂತ ಕಲ್ಲು. ಅದರೊಳಗೆ ಹುಡುಕಿದರೆ ಒಂದು ಶಂಖವೂ ಸಿಗುವುದಿಲ್ಲ. ಕುಣಿ ತೋಡುವ ಹುಡುಗರು ಹಾರೆ ಹಾಕಿ ಹಾಕಿ ಸುಸ್ತಾಗಿದ್ದರು. ಅಜ್ಜನ ಜೊತೆ ಖಣಿಯಲ್ಲಿ ದುಡಿದಿದ್ದ ಮುದುಕನೊಬ್ಬ ಕೋಲೂರಿಕೊಂಡು ಬಂದ. ಅವರಿಂದ ಹಾರೆ ಈಸಿಕೊಂಡು, ಪದರದ ಅಂಚು ಎಲ್ಲಿದೆ ಎಂದು ಬೆರಳಲ್ಲಿ ತಡವಿ ನೋಡಿ, ಎರಡು ಕಡೆ ಮೆಲ್ಲಗೆ ತಟ್ಟಿದ. ಪರಸಿ ಇಡಿಯಾಗಿ ಎದ್ದು ಬಂತು. ಹೀಗೇ ಮೂರು ಪದರ ಎಬ್ಬಿಸಿ ಕೊಟ್ಟು, ದಂಡೆಗೆ ಕೂತು ಬೀಡಿ ಹಚ್ಚಿದ. “ಭಾಳ ಹೊತ್ತಾಳ ಇಂಥವು” ಎಂದ.

ಎಲ್ಲ ಮುಗಿದ ಮೇಲೆ ಆ ಮೂರನ್ನೂ ಮೇಲೆ ಹಾಸಿ ಬಂದೆವು.